ಕರಿಕಲ್ಲಿಗೆ ಯಾವ ಊರು?

ಸೊಲ್ಲಾಪುರ ನಗರವನ್ನು ಹಿಂದೆ ಬಿಟ್ಟು ಅಕ್ಕಲಕೋಟೆಯ ಕಡೆಗೆ ಹೊರಟ ಪ್ರಯಾಣಿಕನಿಗೆ ಹತ್ತು ಹನ್ನೆರಡು ಕಿಲೋಮೀಟರುಗಳಷ್ಟು ದಾರಿ ಕಳೆಯುವಷ್ಟರಲ್ಲಿ ಕುಂಭಾರಿ ಗ್ರಾಮವು ಎದುರಾಗುತ್ತದೆ. ಇದು ದಕ್ಷಿಣ ಸೊಲ್ಲಾಪುರ ತಾಲೂಕಿಗೆ ಸೇರಿದ ಊರು. ಕಚೇರಿಯ ಕಾಗದಪತ್ರಗಳು ಮರಾಠಿಯಲ್ಲಿ ನಡೆದರೂ ಅನೇಕ ಮನೆಗಳ ಅಂಗಳದ ಮಾತು ಕನ್ನಡ. ತೆಲುಗು, ಉರ್ದು ಭಾಷೆಗಳೂ ಇಲ್ಲಿ ನೆರೆಹೊರೆಯವರಂತೆ ಬಾಳುತ್ತಿವೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಧಾವಿಸುವ ಯಾತ್ರಿಕರು ಈ ಊರನ್ನು ವಾಹನದ ಕಿಟಕಿಯಿಂದಲೇ ನೋಡಿ ಮುಂದೆ ಸಾಗುವುದು ಹೆಚ್ಚು. ಆದರೆ ಇಲ್ಲಿ ಇಳಿದು, ನೆಲದ ಕಲ್ಲನ್ನೂ ಮನೆಗಳೊಳಗಿನ ಕಲ್ಲನ್ನೂ ಒಮ್ಮೆ ಹೋಲಿಸಿ ನೋಡಿದವನಿಗೆ, ಮನೆ ಕಟ್ಟಿಕೊಂಡವರಿಗೂ ಕಟ್ಟಿಸಬೇಕೆಂದಿರುವವರಿಗೂ ಉಪಯುಕ್ತವಾದ ಹಲವು ಸಂಗತಿಗಳು ತಿಳಿದುಬರುತ್ತವೆ. ಅವನ್ನು ನಮ್ಮ ಗಡಿನಾಡಿನ ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನೆಲದ ಕಲ್ಲು

ಈ ಸೀಮೆಯ ಮೇಲ್ಪದರವು ಎರೆಮಣ್ಣು. ಜೋಳ, ತೊಗರಿ, ಕಡಲೆಗಳನ್ನು ಬೆಳೆಯುವ ಈ ಕಪ್ಪು ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡರೆ ಬಿಡದು. ಹಳೆಯ ಬಾವಿಯೊಂದರ ದಂಡೆಯ ಮೇಲೆ ನಿಂತು ಒಳಗೆ ಇಣುಕಿದರೆ, ಮೇಲೆ ಎರೆಮಣ್ಣು, ಅದರ ಕೆಳಗೆ ಮುರುಮ, ಅದಕ್ಕೂ ಕೆಳಗೆ ಗಟ್ಟಿಯಾದ ಕರಿಬಂಡೆ, ಹೀಗೆ ಪದರುಗಳು ಸ್ಪಷ್ಟವಾಗಿ ಕಾಣುತ್ತವೆ. ಬಂಡೆಯು ಗಾಳಿಮಳೆಗೆ ಶಿಥಿಲವಾಗಿ ಮುರುಮವಾಯಿತು. ಮುರುಮವು ಇನ್ನಷ್ಟು ಕರಗಿ ಮಣ್ಣಾಯಿತು. ನಾವು ಉಣ್ಣುವ ಜೋಳದ ರೊಟ್ಟಿಯೂ ಒಂದರ್ಥದಲ್ಲಿ ಈ ಕರಿಕಲ್ಲಿನ ಕೊಡುಗೆಯೇ.

ಈ ಬಂಡೆಯನ್ನು ಭೂವಿಜ್ಞಾನಿಗಳು ಬಸಾಲ್ಟ್ ಎಂದು ಕರೆಯುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಬಂದ ಲಾವಾರಸವು ಒಂದರ ಮೇಲೊಂದು ಪದರಾಗಿ ಹರಡಿ ಆರಿ ಈ ನಾಡು ನಿರ್ಮಾಣವಾಯಿತು. ಸವೆದು ಉಳಿದಿರುವ ಭಾಗವೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟಿದೆ. ಇದಕ್ಕೆ ‘ದಖ್ಖನ್ ಟ್ರ್ಯಾಪ್’ ಎಂಬ ಹೆಸರುಂಟು. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡನ್ ದೇಶದ ಮಾತಿನಿಂದ ಬಂದದ್ದು. ಲಾವಾ ಪದರುಗಳು ಸವೆದಾಗ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಆ ಹೆಸರು. ಆ ದೇಶದ ಕರಿಕಲ್ಲಿನ ಮಾತು ಮುಂದೆ ಬರಲಿದೆ.

ನಮ್ಮ ಪೂರ್ವಿಕರಿಗೆ ಈ ಕಲ್ಲಿನ ಪರಿಚಯ ಚೆನ್ನಾಗಿತ್ತು. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಅರಸನಾದ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸ ದೇವಾಲಯವನ್ನು ಮೇಲಿನಿಂದ ಕೆಳಕ್ಕೆ ಕೊರೆದು ಇಳಿಸಿದ್ದು ಇದೇ ಜಾತಿಯ ಬಂಡೆಯಲ್ಲಿ. ವಿಜಾಪುರದ ಗೋಳಗುಮ್ಮಟವನ್ನು ಕಟ್ಟಿದ್ದೂ ಇದೇ ಕರಿಕಲ್ಲಿನಿಂದ. ಸೊಲ್ಲಾಪುರದ ಹಳೆಯ ಕೋಟೆಯ ಗೋಡೆಗಳನ್ನು ಸಿದ್ಧರಾಮೇಶ್ವರರ ಕೆರೆಯ ದಂಡೆಯಲ್ಲಿ ನಿಂತು ನೋಡಿದವರಿಗೆ ಈ ಕಲ್ಲಿನ ಬಾಳಿಕೆಯನ್ನು ಬೇರೆ ಹೇಳಬೇಕಾಗಿಲ್ಲ. ಸೀನಾ ಮತ್ತು ಭೀಮಾ ನದಿಗಳು ಕೂಡುವ ಹತ್ತರಸಂಗ ಕೂಡಲದ ದೇವಾಲಯದಲ್ಲಿ ಶಕ 940ರ, ಎಂದರೆ ಕ್ರಿ. ಶ. 1018ರ, ಒಂದು ಮರಾಠಿ ಶಾಸನವಿದೆ. ಆ ಭಾಷೆಯ ಅತಿ ಪ್ರಾಚೀನ ಶಾಸನಗಳಲ್ಲಿ ಅದೂ ಒಂದು. ಅದೇ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಕನ್ನಡ ಶಾಸನಗಳೂ ನಿಂತಿವೆ. ಧಾರವಾಡದ ಶ್ರೀನಿವಾಸ ರಿತ್ತಿ ಮತ್ತು ಸೊಲ್ಲಾಪುರದ ಆನಂದ ಕುಂಭಾರ ಅವರು ಸೇರಿ ಈ ಜಿಲ್ಲೆಯ ಶಾಸನಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದುದು ನಮ್ಮೆಲ್ಲರ ಕೃತಜ್ಞತೆಗೆ ಪಾತ್ರವಾದ ಕಾರ್ಯ. ಸಾವಿರ ವರ್ಷ ಅಕ್ಷರವನ್ನು ಕಾಯುವ ಕಲ್ಲು ಎಂತಹದಿರಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕಾಲ ಕೆಳಗೇ ಇಷ್ಟು ಒಳ್ಳೆಯ ಕರಿಕಲ್ಲು ಇರುವಾಗ ಕುಂಭಾರಿಯ ಜನರು ದೂರದ ಕಲ್ಲನ್ನೇಕೆ ಕೊಳ್ಳಬೇಕು? ಕಾರಣ ಸರಳವಾದದ್ದು. ಲಾವಾರಸವು ಆರುವಾಗ ಕುಗ್ಗಿ, ಬಂಡೆಯ ತುಂಬ ಸೀಳುಗಳು ಬಿದ್ದಿವೆ. ಒಳಗಿದ್ದ ಅನಿಲವು ಹೊರಬಿದ್ದ ಜಾಗಗಳಲ್ಲಿ ಗುಳ್ಳೆಗಳು ಉಳಿದು, ಅನೇಕ ಕಡೆ ಅವುಗಳಲ್ಲಿ ಬಿಳಿಯ ಖನಿಜ ತುಂಬಿದೆ. ಆದುದರಿಂದ ಗೋಡೆಯ ಕಲ್ಲು, ಒಳಕಲ್ಲು, ಬೀಸುಕಲ್ಲು, ರಸ್ತೆಯ ಖಡಿ ಇವಕ್ಕೆಲ್ಲ ಇದು ಉತ್ತಮ. ಆದರೆ ಎಂಟು ಹತ್ತು ಅಡಿ ಉದ್ದದ, ಒಂದೂ ಸೀಳಿಲ್ಲದ ಹಲಗೆಗಳನ್ನು ಇದರಿಂದ ಕೊಯ್ದು ತೆಗೆಯುವುದು ಕಷ್ಟ. ಸವೆದ ಬೀಸುಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಮೂಡಿಸುತ್ತಿದ್ದ ಒಡ್ಡರ ಮನೆತನಗಳು ಇದನ್ನು ಪುಸ್ತಕವಿಲ್ಲದೆಯೇ ಬಲ್ಲವು.

ಮನೆಗಳು ಬಂದವು, ಓಟಾ ಬಂದಿತು

ಕುಂಭಾರಿಯ ಹೆಸರು ಈಚಿನ ವರ್ಷಗಳಲ್ಲಿ ದೂರದವರೆಗೂ ಕೇಳಿಬಂದದ್ದು ಮನೆಗಳಿಂದಾಗಿ. ಬೀಡಿ ಕಟ್ಟುವ ಹೆಂಗಸರಿಗಾಗಿ ಇಲ್ಲಿ ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ 10,000 ಮನೆಗಳ ವಸಾಹತು ನಿರ್ಮಾಣವಾಗಿ 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗ್ ಅವರಿಂದ ಅರ್ಪಣೆಗೊಂಡಿತು. ಆ ಮೇಲೆ ಅಸಂಘಟಿತ ಕಾರ್ಮಿಕರಿಗಾಗಿ ರೇನಗರ ಎಂಬ 30,000 ಮನೆಗಳ ಯೋಜನೆ ಇದೇ ಊರಿನ ನೆಲದಲ್ಲಿ ತಲೆಯೆತ್ತಿತು. ಅದರ ಮೊದಲ 15,000 ಮನೆಗಳನ್ನು 19 ಜನವರಿ 2024ರಂದು ಪ್ರಧಾನಿ ನರೇಂದ್ರ ಮೋದಿ ಅವರು ಫಲಾನುಭವಿಗಳಿಗೆ ಹಸ್ತಾಂತರಿಸಿದರು. ಎರಡು ಯೋಜನೆಗಳ ಹಿಂದೆಯೂ ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ದೀರ್ಘ ಹೋರಾಟವಿದೆ.

ಗುಡಿಸಲಿನಿಂದಲೋ ಬಾಡಿಗೆಯ ಕೋಣೆಯಿಂದಲೋ ಸ್ವಂತ ಮನೆಗೆ ಬಂದ ಗೃಹಿಣಿಯು ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಮೊದಲು ಮಾಡಿಸಬಯಸುವುದು ಅಡಿಗೆಯ ಕಟ್ಟೆಯನ್ನು. ನಮ್ಮ ಕಡೆ ಇದಕ್ಕೆ ಓಟಾ ಎನ್ನುತ್ತಾರೆ. ಗ್ಯಾಸಿನ ಒಲೆ ಅದರ ಮೇಲೆ. ಹುಣಸೆಹುಳಿ ಹಿಂಡುವುದು, ಶೇಂಗಾ ಚಟ್ನಿ ಕುಟ್ಟುವುದು, ಪರಾತವನ್ನಿಟ್ಟು ರೊಟ್ಟಿ ಬಡಿಯುವುದು ಎಲ್ಲವೂ ಅದರ ಮೇಲೆ. ದಿನಕ್ಕೆ ನಾಲ್ಕು ಗಂಟೆ ಅವಳು ನಿಲ್ಲುವುದು ಅದರ ಮುಂದೆ. ಸಾವಿರ ಬೀಡಿಗಳನ್ನು ಕಟ್ಟಿದರೆ ಬರುವ ಕೂಲಿಯಿಂದ ಉಳಿಸಿದ ಹಣವನ್ನು ಈ ಹಲಗೆಗೆ ಸುರಿಯುವುದೆಂದರೆ ಅದು ಸಣ್ಣ ಮಾತಲ್ಲ. ಒಮ್ಮೆ ಕೂರಿಸಿದ ಓಟಾವನ್ನು ಬಡವರ ಮನೆಯಲ್ಲಿ ಮತ್ತೆ ಕೀಳುವುದಿಲ್ಲ. ಆದುದರಿಂದಲೇ ಇಲ್ಲಿ ಆಯ್ಕೆಯು ಸರಿಯಾಗಿರಬೇಕು.

ಅಂಗಡಿಗೆ ಹೋದರೆ ಗ್ರಾಹಕನ ಕಿವಿಗೆ ಬೀಳುವುದು ದೇಶಗಳ ಹೆಸರು. ಇದು ಆಫ್ರಿಕಾದ್ದು, ಇದು ಚೀನದ್ದು, ಇದು ಬ್ರೆಜಿಲ್ ಮಾಲು, ಇದು ಬರೇ ನಮ್ಮ ದಕ್ಷಿಣದ್ದು ಎಂದು ಸಾಲಾಗಿ ನಿಲ್ಲಿಸಿದ ಹಲಗೆಗಳ ಮೇಲೆ ಕೈಯಾಡಿಸುತ್ತ ವ್ಯಾಪಾರಿಯು ಹೇಳುತ್ತ ಹೋಗುತ್ತಾನೆ. ದೇಶವು ದೂರವಾದಷ್ಟೂ ಬೆಲೆಯು ಏರುತ್ತದೆ. ಎಲ್ಲವೂ ಕಪ್ಪು, ಎಲ್ಲವೂ ಮಿರಮಿರ ಮಿಂಚುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಹಿರಿಯರು ಹೇಳಿದರು. ಕರ್ರಗಿರುವುದೆಲ್ಲ ಗ್ರಾನೈಟಲ್ಲವೆಂದು ನಾವು ಈಗ ಸೇರಿಸಬೇಕಾಗಿದೆ.

ಗ್ರಾನೈಟಲ್ಲದ ಗ್ರಾನೈಟು

ವಾಸ್ತವವಾಗಿ ಅಚ್ಚ ಕಪ್ಪಾದ ಗ್ರಾನೈಟು ಎಂಬುದೇ ಇಲ್ಲ. ಶಾಸ್ತ್ರೀಯವಾಗಿ ಗ್ರಾನೈಟ್ ಎಂದರೆ ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಇತ್ಯಾದಿ ಖನಿಜಗಳ ಕಾಳುಗಳು ಕೂಡಿದ, ಬೂದು, ಬಿಳಿ, ಗುಲಾಬಿ ಅಥವಾ ಕೆಂಪು ಬಣ್ಣದ ಅಗ್ನಿಶಿಲೆ. ಇಳಕಲ್ಲಿನ ಕೆಂಪು ಕಲ್ಲು ನಿಜವಾದ ಗ್ರಾನೈಟು. ವ್ಯಾಪಾರದಲ್ಲಿ ‘ಕಪ್ಪು ಗ್ರಾನೈಟ್’ ಎಂದು ಕರೆಯುವ ಕಲ್ಲುಗಳು ಬೇರೆ ಕುಲದವು: ಡೋಲರೈಟ್, ಗ್ಯಾಬ್ರೋ, ನೊರೈಟ್, ಬಸಾಲ್ಟ್ ಮೊದಲಾದವು. ಇವುಗಳಲ್ಲಿ ಬೆಣಚು ಅತಿ ಕಡಮೆ. ಕಬ್ಬಿಣ ಮತ್ತು ಮೆಗ್ನೀಸಿಯಂ ಉಳ್ಳ ಕಪ್ಪು ಖನಿಜಗಳು ಹೆಚ್ಚು. ಆದ ಕಾರಣ ಇವು ಗ್ರಾನೈಟಿಗಿಂತ ಭಾರವಾಗಿರುತ್ತವೆ. ಈ ಭಾರದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಬಸಾಲ್ಟ್, ಡೋಲರೈಟ್, ಗ್ಯಾಬ್ರೋ ಈ ಮೂರೂ ಒಂದೇ ತರಹದ ಶಿಲಾಪಾಕದಿಂದ ಹುಟ್ಟಿದ ಒಡಹುಟ್ಟುಗಳು. ಸಕ್ಕರೆಯ ಪಾಕವು ಬೇಗ ಆರಿದರೆ ನುಣುಪಾಗಿ ಗಟ್ಟಿಯಾಗುತ್ತದೆ, ಬಹಳ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹರಳುಗಳಾಗುತ್ತವೆಯಷ್ಟೆ. ಹಾಗೆಯೇ ಭೂಮಿಯ ಮೇಲೆ ಹರಿದು ಬೇಗ ಆರಿದ್ದು ಬಸಾಲ್ಟ್. ನೆಲದೊಳಗಿನ ಸೀಳುಗಳಲ್ಲಿ ಸಿಕ್ಕಿ ಮೆಲ್ಲಗೆ ಆರಿದ್ದು ಡೋಲರೈಟ್. ಬಹಳ ಆಳದಲ್ಲಿ ಅತಿ ನಿಧಾನವಾಗಿ ಆರಿದ್ದು ಗ್ಯಾಬ್ರೋ. ಕುಂಭಾರಿಯ ಬಾವಿಯ ಬಂಡೆಗೂ ಅಂಗಡಿಯ ಅತಿ ಬೆಲೆಯುಳ್ಳ ಕರಿಹಲಗೆಗೂ ಹೀಗೆ ರಕ್ತಸಂಬಂಧವುಂಟು.

ದೇಶ ದೇಶದ ಕರಿಕಲ್ಲು

ಈಗ ದೇಶಗಳ ಕಡೆಗೆ ಬರೋಣ. ಮೊದಲು ನಮ್ಮದು. ಕರ್ನಾಟಕದ ಚಾಮರಾಜನಗರ, ಕನಕಪುರ ಭಾಗಗಳಲ್ಲಿ ಹಳೆಯ ಬಂಡೆಗಳ ಸೀಳುಗಳೊಳಗೆ ಗೋಡೆಯಂತೆ ನಿಂತಿರುವ ಡೋಲರೈಟ್ ಪಟ್ಟಿಗಳಿವೆ. ಅಲ್ಲಿಯ ಇಂಥ ಪಟ್ಟಿಗಳಲ್ಲಿ ಕೆಲವು ಇನ್ನೂರು ಕೋಟಿ ವರ್ಷಗಳಿಗೂ ಹಿಂದಿನವು. ಕಾಳು ಸಣ್ಣದು, ಬಣ್ಣ ಒಂದೇ ಸಮ, ಹೊಳಪು ಕನ್ನಡಿಯಂತಹದು. ತಮಿಳುನಾಡಿನ ಕುನ್ನಂ ಕಲ್ಲೂ ಇದೇ ಜಾತಿಯದಾಗಿ ಹೊರದೇಶಗಳಲ್ಲಿ ಹೆಸರು ಮಾಡಿದೆ. ತೆಲಂಗಾಣದ ವರಂಗಲ್, ಖಮ್ಮಂ ಕಡೆಯ ಕಲ್ಲು ಇನ್ನೊಂದು ಬಗೆ. ದೆಹಲಿಯ ಇಂಡಿಯಾ ಗೇಟಿನ ಬಳಿ 2022ರ ಸೆಪ್ಟೆಂಬರಿನಲ್ಲಿ ಅನಾವರಣಗೊಂಡ ನೇತಾಜಿ ಸುಭಾಷಚಂದ್ರ ಬೋಸರ 28 ಅಡಿ ಎತ್ತರದ ವಿಗ್ರಹವು ಖಮ್ಮಂನಿಂದ ಒಯ್ದ 280 ಟನ್ನಿನ ಒಂದೇ ಬಂಡೆಯಿಂದ ಮೂಡಿದ್ದು; ಕೆತ್ತನೆ ಮುಗಿದ ಬಳಿಕ ಅದರ ತೂಕ 65 ಟನ್ನು. ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯ ಕಲ್ಲಿನಲ್ಲಿ ಕಪ್ಪಿನ ನಡುವೆ ಚಿನ್ನದ ಪುಡಿಯಂತೆ ಚುಕ್ಕೆಗಳು ಮಿನುಗುತ್ತವೆ; ಅದಕ್ಕೆ ‘ಗ್ಯಾಲಕ್ಸಿ’ ಎಂದು ವ್ಯಾಪಾರದ ಹೆಸರು.

ಆಫ್ರಿಕಾ ಖಂಡದಲ್ಲಿ ಜಿಂಬಾಬ್ವೆ ದೇಶದ ಈಶಾನ್ಯದಲ್ಲಿರುವ ಮುಟೋಕೋ ಎಂಬ ಸೀಮೆಯ ಕರಿಕಲ್ಲು ಪ್ರಸಿದ್ಧವಾದುದು. ಅದೂ ಡೋಲರೈಟೇ, ನಮ್ಮ ಚಾಮರಾಜನಗರದ ಕಲ್ಲಿನ ದೂರದ ಸಂಬಂಧಿ ಎನ್ನಬಹುದು. ದಕ್ಷಿಣ ಆಫ್ರಿಕಾದಿಂದ ಬರುವ ಒಂದು ಕಲ್ಲಿಗೆ ‘ಬೆಲ್‌ಫಾಸ್ಟ್ ಕಪ್ಪು’ ಎಂದು ಹೆಸರು. ಹೆಸರು ಕೇಳಿ ಅದನ್ನು ಐರ್ಲೆಂಡಿನ ಕಲ್ಲೆಂದು ಭಾವಿಸುವವರುಂಟು. ದಕ್ಷಿಣ ಆಫ್ರಿಕಾದಲ್ಲಿಯೂ ಬೆಲ್‌ಫಾಸ್ಟ್ ಎಂದು ಕರೆಯಲ್ಪಟ್ಟ ಒಂದು ಊರಿದೆ, ಕಲ್ಲು ಆ ಕಡೆಯದು. ಸ್ವೀಡನ್ನಿನ ದಕ್ಷಿಣ ಭಾಗದ ಕರಿಕಲ್ಲನ್ನು ಯುರೋಪಿನವರು ಹತ್ತೊಂಬತ್ತನೆಯ ಶತಮಾನದಿಂದಲೇ ಸಮಾಧಿಗಳಿಗೂ ಸ್ಮಾರಕಗಳಿಗೂ ಬಳಸುತ್ತ ಬಂದಿದ್ದಾರೆ. ಬ್ರೆಜಿಲ್ಲಿನ ಸಾವೊ ಗೇಬ್ರಿಯಲ್ ಎಂಬ ಕಲ್ಲಿನಲ್ಲಿ ಕಾಳು ದೊಡ್ಡದು. ಹತ್ತಿರದಿಂದ ನೋಡಿದರೆ ಕಪ್ಪಿನ ನಡುವೆ ಬೂದಿಯ ಛಾಯೆ ಕಾಣುತ್ತದೆ. ಚೀನದ ಶಾನ್ಷಿ ಪ್ರಾಂತದ ಕಪ್ಪು ಡೋಲರೈಟ್ ಜಾತಿಯದು, ಬಣ್ಣ ಗಾಢವಾದುದು. ಅದೇ ದೇಶದ ಫುಜಿಯಾನ್ ಪ್ರಾಂತದ ಫೂಡಿಂಗ್ ಎಂಬಲ್ಲಿಯ ಕಪ್ಪು ಕಲ್ಲು ಬಸಾಲ್ಟ್. ನಮ್ಮ ಕುಂಭಾರಿಯ ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲಿನ ಸಹೋದರನು ಅಲ್ಲಿ ಹೊಳಪು ಹಚ್ಚಿಕೊಂಡು ‘ಗ್ರಾನೈಟ್’ ಎಂಬ ಹೆಸರಿನಿಂದ ಹಡಗು ಹತ್ತಿದ್ದನ್ನು ಕೇಳಿ ನಗುವುದೋ ಹೆಮ್ಮೆಪಡುವುದೋ ತಿಳಿಯದು.

ಹೊರಗಿನ ಹೆಸರಿಗೆ ಮರುಳಾಗುವ ಮುನ್ನ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಮಡಿದವರ ಸ್ಮಾರಕವೊಂದಿದೆ. 1982ರ ನವೆಂಬರಿನಲ್ಲಿ ಅದು ಲೋಕಾರ್ಪಣೆಯಾಯಿತು. ಮಾಯಾ ಲಿನ್ ಎಂಬ ವಿದ್ಯಾರ್ಥಿನಿಯು ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ರೂಪಿಸಿದ ಆ ಕರಿಯ ಗೋಡೆಯ ಮೇಲೆ 58,000ಕ್ಕೂ ಮಿಕ್ಕ ಹೆಸರುಗಳನ್ನು ಕೊರೆಯಲಾಗಿದೆ. ನೋಡಲು ಬಂದವರಿಗೆ ಹೆಸರಿನೊಡನೆ ತಮ್ಮ ಮುಖವೂ ಪ್ರತಿಬಿಂಬಿಸಬೇಕೆಂಬುದು ಅವಳ ಆಶಯ. ಅಂತಹ ಹೊಳಪುಳ್ಳ ಕಲ್ಲು ಬೇಕಾಗಿತ್ತು. ಸ್ವೀಡನ್ ಮತ್ತು ಕೆನಡಾ ದೇಶಗಳ ಕಲ್ಲನ್ನು, ಸೈನ್ಯಸೇವೆಯನ್ನು ನಿರಾಕರಿಸಿದ ತರುಣರಿಗೆ ಆ ದೇಶಗಳು ಆಶ್ರಯ ಕೊಟ್ಟಿದ್ದವೆಂಬ ಕಾರಣದಿಂದ ಒಲ್ಲೆವೆಂದರಂತೆ. ಕೊನೆಗೆ ಕಲ್ಲು ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಕನ್ನಡ ನೆಲದ ಕರಿಕಲ್ಲನ್ನು ಅಮೆರಿಕನರು ಕಡಲಾಚೆಯಿಂದ ತರಿಸಿಕೊಂಡರು. ನಾವಾದರೋ ನಮ್ಮ ಅಂಗಡಿಯಲ್ಲಿ ಆಫ್ರಿಕಾದ ಹೆಸರಿಗೆ ಇಮ್ಮಡಿ ಬೆಲೆ ಕೊಡಲು ಸಿದ್ಧರಾಗಿ ನಿಂತಿದ್ದೇವೆ.

ಶಾಲೆಯ ಮೇಜಿನ ಮೇಲೆ ಪರೀಕ್ಷೆ

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಾಯಿಯೊಡನೆ ಶಾಲೆಗೆ ಬಂದನು. ಆ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವಳು. ಅವರ ಚೀಲದಲ್ಲಿ ಅಂಗೈಯಗಲದ ಮೂರು ಕರಿಕಲ್ಲಿನ ತುಂಡುಗಳಿದ್ದವು.

“ಮಾಸ್ತರ್ರ, ಓಟಾಕ್ಕ ಕಲ್ಲು ನೋಡಾಕ ಹೋಗಿದ್ವಿ. ಅಂಗಡಿಯವರು ಇದು ಆಫ್ರಿಕಾದ್ದು ಅಂತಾರ್ರೀ, ರೊಕ್ಕಾನೂ ದುಪ್ಪಟ್ಟು ಹೇಳ್ಯಾರ. ನೀವು ಒಮ್ಮೆ ನೋಡಿ ಹೇಳ್ರಿ,” ಎಂದಳು.

“ನೋಡಿ ಹೇಳೂದು ಬ್ಯಾಡ ಅಕ್ಕಾರ, ತೂಗಿನs ಹೇಳೂಣು,” ಎಂದು ನಾನು ಏಳನೆಯ ತರಗತಿಯ ಮಕ್ಕಳನ್ನು ಕರೆದೆ. ಅಂದು ಅವರಿಗೆ ಸಾಂದ್ರತೆಯ ಪಾಠವಿತ್ತು.

ಪರೀಕ್ಷೆಯು ಮನೆಯಲ್ಲಿಯೂ ಮಾಡುವಷ್ಟು ಸುಲಭವಾದುದು. ಕಿರಾಣಿ ಅಂಗಡಿಯಲ್ಲಿರುವಂತಹ ವಿದ್ಯುತ್ ತಕ್ಕಡಿ ಸಾಕು. ಮೊದಲು ಕಲ್ಲಿನ ತುಂಡನ್ನು ತೂಗಿ ಬರೆದುಕೊಳ್ಳಬೇಕು. ಬಳಿಕ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತರಬೇಕು. ಕಲ್ಲಿಗೆ ದಾರ ಕಟ್ಟಿ, ಪಾತ್ರೆಯ ತಳಕ್ಕೂ ಅಂಚಿಗೂ ತಾಗದಂತೆ, ಪೂರ್ತಿ ಮುಳುಗುವ ಹಾಗೆ ಕೈಯಲ್ಲಿ ಹಿಡಿದು ನೀರೊಳಗೆ ಇಳಿಬಿಡಬೇಕು. ಆಗ ತಕ್ಕಡಿಯು ತೋರಿಸುವ ತೂಕವು ಕಲ್ಲು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಕಲ್ಲಿನ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಆರ್ಕಿಮಿಡೀಸನು ಕಂಡುಕೊಂಡ ತತ್ತ್ವವು ಕುಂಭಾರಿಯ ಓಟಾದ ಕೆಲಸಕ್ಕೆ ಬಂದಿತು.

‘ದಕ್ಷಿಣದ್ದು’ ಎಂದು ಕಡಮೆ ಬೆಲೆ ಹೇಳಿದ್ದ ತುಂಡು 450 ಗ್ರಾಂ ತೂಗಿತು. ಸರಿಸಿದ ನೀರು 150 ಗ್ರಾಂ. ಸಾಂದ್ರತೆ 3. ಡೋಲರೈಟ್, ಗ್ಯಾಬ್ರೋ ಜಾತಿಯ ಒಳ್ಳೆಯ ಕರಿಕಲ್ಲಿಗೆ 2.9ರಿಂದ 3.1ರವರೆಗೆ ಇರತಕ್ಕದ್ದು. ‘ಆಫ್ರಿಕಾದ್ದು’ ಎಂಬ ತುಂಡು 425 ಗ್ರಾಂ ತೂಗಿ 160 ಗ್ರಾಂ ನೀರನ್ನು ಸರಿಸಿತು. ಭಾಗಿಸಿದರೆ 2.66. ಇದು ಬೂದುಬಣ್ಣದ ಸಾಮಾನ್ಯ ಗ್ರಾನೈಟಿನ ಅಂಕಿ. ಮೂರನೆಯದು 405 ಗ್ರಾಂ, ನೀರು 150; ಸಾಂದ್ರತೆ 2.7. ಹುಡುಗನೊಬ್ಬ ಓಡಿಹೋಗಿ ಹೊರಗಿನಿಂದ ಗುಳ್ಳೆಯಿಲ್ಲದ ಕರಿಕಲ್ಲಿನ ಚಕ್ಕೆಯೊಂದನ್ನು ತಂದನು. ಅದು 435 ಗ್ರಾಂ ತೂಗಿ 150 ಗ್ರಾಂ ನೀರನ್ನು ಸರಿಸಿತು: 2.9. “ಸರ್, ನಮ್ಮೂರ ಕಲ್ಲು ಎರಡನೇ ನಂಬರ್ ಬಂತು!” ಎಂದು ಮಕ್ಕಳು ಚಪ್ಪಾಳೆ ತಟ್ಟಿದರು.

ಎರಡನೆಯ ಪರೀಕ್ಷೆ ಬಣ್ಣದ್ದು. ಉಗುರುಬಣ್ಣವನ್ನು ಅಳಿಸುವ ಅಸಿಟೋನ್ ದ್ರವದಲ್ಲಿ ಬಿಳಿಯ ಅರಿವೆಯನ್ನು ಅದ್ದಿ ಕಲ್ಲಿನ ಹೊಳಪಿನ ಮೇಲೂ ಕೊಯ್ದ ಅಂಚಿನ ಮೇಲೂ ಚೆನ್ನಾಗಿ ಉಜ್ಜಿದೆವು. ‘ಆಫ್ರಿಕಾ’ದ ತುಂಡು ಅರಿವೆಗೆ ಮಸಿ ಹಚ್ಚಿತು. ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಹೊಳಪು ಕೊಟ್ಟಿದ್ದರು. ಇಂತಹ ಕಲ್ಲು ಕೆಲವು ವರ್ಷಗಳಲ್ಲಿ ಒಲೆಯ ಸುತ್ತ, ಸಿಂಕಿನ ಸುತ್ತ ಬೆಳ್ಳಗೆ ಮಂಕಾಗುತ್ತದೆ. ಜಿಂಬಾಬ್ವೆಯ ನಿಜವಾದ ಕಲ್ಲಿಗೆ ಇದರಲ್ಲಿ ಯಾವ ದೋಷವೂ ಇಲ್ಲ. ಅದು ಉತ್ತಮ ಕಲ್ಲೇ. ಇಲ್ಲಿ ಕಡಲು ದಾಟಿ ಬಂದದ್ದು ಅದರ ಹೆಸರು ಮಾತ್ರ.

ಮೂರನೆಯ ಪರೀಕ್ಷೆ ಲಿಂಬೆಹಣ್ಣಿನದು. ಒಂದೊಂದು ತುಂಡಿನ ಮೇಲೂ ರಸದ ಹನಿ ಬಿಟ್ಟು ಕಾಲುಗಂಟೆ ಕಳೆದು ಒರೆಸಿದೆವು. ಮೂರನೆಯ ತುಂಡಿನ ಮೇಲೆ ಹೊಳಪು ಹೋಗಿ ಮಂಕಾದ ವೃತ್ತವೊಂದು ಉಳಿಯಿತು. ಅದು ಕಡಪ್ಪಾ. ಆಂಧ್ರದ ಕಡಪ, ಬೇತಂಚೆರ್ಲ ಕಡೆಯಿಂದ ಬರುವ ಕಪ್ಪು ಸುಣ್ಣಕಲ್ಲು. ಮಹಾರಾಷ್ಟ್ರದ ಮನೆಗಳಲ್ಲಿ ಕಪಾಟಿನ ಹಲಗೆಗಳಿಗೂ ಓಟಾಕ್ಕೂ ಬಹಳ ಕಾಲದಿಂದ ಬಳಕೆಯಲ್ಲಿದೆ. ಕಪಾಟಿಗೆ ಅದು ಅಗ್ಗವೂ ಒಳ್ಳೆಯದೂ ಆದ ಕಲ್ಲು. ಆದರೆ ಸುಣ್ಣಕಲ್ಲಿಗೂ ಹುಳಿಗೂ ಆಗಿಬರುವುದಿಲ್ಲ. ಹುಣಸೆ, ಲಿಂಬೆ, ಮಜ್ಜಿಗೆ ದಿನವೂ ಚೆಲ್ಲುವಲ್ಲಿ ಅದರ ಹೊಳಪು ನಿಲ್ಲದು. ಅದನ್ನು ಕಡಪ್ಪಾ ಎಂದೇ ಹೇಳಿ ಮಾರಿದರೆ ತಪ್ಪಿಲ್ಲ. ಗ್ರಾನೈಟೆಂದು ಮಾರಿದರೆ ಮೋಸ.

ನಾಲ್ಕನೆಯದು ನೀರಿನ ಹನಿ. ಒಂದು ಹನಿ ನೀರನ್ನು ಹತ್ತು ನಿಮಿಷ ಬಿಟ್ಟು ಒರೆಸಿದಾಗ ಅಡಿಯಲ್ಲಿ ತೇವದ ಗುರುತು ಉಳಿದರೆ ಆ ಕಲ್ಲು ನೀರು ಕುಡಿಯುತ್ತದೆ, ಎಣ್ಣೆಯನ್ನೂ ಕುಡಿಯುತ್ತದೆ. ಒಳ್ಳೆಯ ಕರಿಕಲ್ಲು ತನ್ನ ತೂಕದ ಸಾವಿರದಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ನೀರನ್ನು ಹೀರುವುದಿಲ್ಲ.

ತಾಯಿ ಮಗ ಇಬ್ಬರೂ ದಕ್ಷಿಣದ ಕಲ್ಲನ್ನೇ ಆರಿಸಿದರು. ಉಳಿದ ಹಣದಲ್ಲಿ ಮನೆಯ ಹೊಸ್ತಿಲಿಗೂ ಅದೇ ಕಲ್ಲು ಬಂದಿತೆಂದು ಮುಂದೆ ತಿಳಿಯಿತು.

ಎಲ್ಲಿಗೆ ಯಾವ ಕಲ್ಲು

ಕೊಳ್ಳುವವರ ಅನುಕೂಲಕ್ಕಾಗಿ ಇನ್ನು ಕೆಲವು ಮಾತುಗಳು. ಹಲಗೆಯ ದಪ್ಪವನ್ನು ಅಳತೆಪಟ್ಟಿಯಿಂದ ಸ್ವತಃ ನೋಡಬೇಕು. 18 ಮಿಲಿಮೀಟರು ದಪ್ಪದ ಒಳ್ಳೆಯ ಕರಿಕಲ್ಲು ಒಂದು ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. ಅದೇ ದಪ್ಪದ ಬೂದು ಗ್ರಾನೈಟು ನಾಲ್ಕೂವರೆ ಕಿಲೋದ ಒಳಗೆ ನಿಲ್ಲುತ್ತದೆ. ಹಲಗೆಯ ಹಿಂಬದಿಯಲ್ಲಿ ಬಲೆ ಅಂಟಿಸಿದ್ದರೆ ಕಲ್ಲಿನಲ್ಲಿ ಸೀಳುಂಟೇ ಎಂದು ಕೇಳಬೇಕು. ಸಿಂಕಿಗಾಗಿ ತೂತು ಕೊರೆದ ಕಡೆ ಕಲ್ಲು ದುರ್ಬಲವಾಗುವುದರಿಂದ ಅಡಿಯಲ್ಲಿ ಆಸರೆ ಕೊಡಿಸಬೇಕು.

ಕರಿಕಲ್ಲು ಎಲ್ಲ ಕಡೆಗೂ ಹೊಂದುವುದಿಲ್ಲ. ಸೊಲ್ಲಾಪುರದ ಬಿಸಿಲು ಮೇ ತಿಂಗಳಲ್ಲಿ 40 ಡಿಗ್ರಿ ಮೀರುವುದು ವಾಡಿಕೆ. ಅಂಗಳಕ್ಕೆ ಕಪ್ಪು ಹಲಗೆ ಹಾಸಿದವರು ಮಧ್ಯಾಹ್ನ ಅದರ ಮೇಲೆ ಬರಿಗಾಲಿನಲ್ಲಿ ನಿಲ್ಲಲಾರರು. ಬಚ್ಚಲಿನಲ್ಲಿ ಹೊಳಪಿನ ಕಲ್ಲು ಜಾರುತ್ತದೆ. ನೆಲಕ್ಕೆ ನಮ್ಮ ಹಿರಿಯರು ಆರಿಸಿದ್ದು ಶಹಾಬಾದಿನ ಫರಸಿ. ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ವಾಡಿಗೆ ಹೋಗುವ ರೈಲು ಮಾರ್ಗದಲ್ಲಿಯೇ ಶಹಾಬಾದ ಬರುತ್ತದೆ. ಅದೂ ಸುಣ್ಣಕಲ್ಲು, ಬೇಸಿಗೆಯಲ್ಲಿ ತಂಪು, ಬೆಲೆಯಲ್ಲಿ ಹಗುರ. ನಮ್ಮ ಕೊಳವೆಬಾವಿಯ ಗಡುಸು ನೀರು ಕರಿ ಹೊಳಪಿನ ಮೇಲೆ ಬಿಳಿಯ ಕಲೆ ಬಿಡುವುದರಿಂದ ಓಟಾವನ್ನು ಒರೆಸಿ ಒಣಗಿಡುವ ಅಭ್ಯಾಸ ಒಳ್ಳೆಯದು. ಕಲೆ ತೆಗೆಯಲು ಆಸಿಡ್ ಸುರಿಯಬಾರದು.

ದೇವಾಲಯದ ಪಂಚರು ವಿಗ್ರಹ ಮಾಡಿಸುವಾಗ ಅಡಿಗೆಯ ಕಲ್ಲಿನ ಲೆಕ್ಕ ನಡೆಯುವುದಿಲ್ಲ. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಬಳಸಿದ್ದು ಮೃದುವಾದ ಬಳಪದ ಕಲ್ಲನ್ನು. 22 ಜನವರಿ 2024ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪಿತವಾದ ಬಾಲರಾಮನ ವಿಗ್ರಹವನ್ನು ಶಿಲ್ಪಿ ಅರುಣ್ ಯೋಗಿರಾಜ್ ಅವರು ಕೆತ್ತಿದ್ದು ಮೈಸೂರು ಸೀಮೆಯ ಕೃಷ್ಣಶಿಲೆಯಲ್ಲಿ. ಉಳಿಯ ಮಾತು ಕೇಳುವ ಕಲ್ಲು ಬೇರೆ, ಚಾಕುವಿಗೆ ಜಗ್ಗದ ಕಲ್ಲು ಬೇರೆ. ಶಾಲೆಯ ಅಥವಾ ಸಮಾಧಿಯ ನಾಮಫಲಕಕ್ಕಾದರೆ ಕಾಳು ಸಣ್ಣದಿರುವ ಡೋಲರೈಟೇ ಉತ್ತಮ. ಕನ್ನಡ ಅಕ್ಷರದ ದುಂಡುಗಳೂ ಒತ್ತುಗಳೂ ಅಂಚು ಮುರಿಯದೆ ಅದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಕಾಳು ದೊಡ್ಡದಾದ ಕಲ್ಲಿನಲ್ಲಿ ಒತ್ತಕ್ಷರಗಳು ಒಡೆಯುತ್ತವೆ.

ಕಲ್ಲು ಕೊಯ್ಯುವ ಕೆಲಸಗಾರರನ್ನೂ ಈ ಸಂದರ್ಭದಲ್ಲಿ ನೆನೆಯುವುದು ಧರ್ಮ. ಒಣ ಕಲ್ಲನ್ನು ಯಂತ್ರದಿಂದ ಕೊಯ್ಯುವಾಗ ಏಳುವ ಧೂಳು ಪುಪ್ಪುಸಕ್ಕೆ ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಬೆಣಚು ಹೆಚ್ಚಿರುವ ಗ್ರಾನೈಟಿನ ಧೂಳು ಮತ್ತಷ್ಟು ಅಪಾಯಕರ. ನಮ್ಮ ಮನೆಯಲ್ಲಿ ಓಟಾ ಕೂರಿಸಲು ಬಂದ ತರುಣನಿಗೆ ನೀರು ಹನಿಸುತ್ತ ಕೊಯ್ಯಲು ಹೇಳಿ, ಒಂದು ಬಕೆಟ್ ನೀರನ್ನು ನಾವೇ ತಂದಿಡುವುದು ದೊಡ್ಡ ಶ್ರಮವೇನಲ್ಲ.

ದೇಶದ ಹೆಸರನ್ನು ಕೇಳಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ಒಂದೇ ದೇಶದಲ್ಲಿ ಒಳ್ಳೆಯ ಕಲ್ಲೂ ಉಂಟು, ಕೆಟ್ಟ ಕಲ್ಲೂ ಉಂಟು. ಒಂದೇ ಖಣಿಯ ಎರಡು ಬಂಡೆಗಳೂ ಒಂದೇ ಸಮನಾಗಿರುವುದಿಲ್ಲ. ಆದುದರಿಂದ ದೇಶವನ್ನು ಕೇಳಿದ ಮೇಲೆ ಖಣಿಯ ಊರನ್ನೂ ಕಲ್ಲಿನ ಜಾತಿಯನ್ನೂ ಕೇಳಬೇಕು. ಊರು, ಜಾತಿ, ದಪ್ಪ, ಬಣ್ಣ ಹಾಕಿಲ್ಲವೆಂಬ ಮಾತು ಈ ನಾಲ್ಕನ್ನೂ ಪಾವತಿಯ ಮೇಲೆ ಬರೆಯಿಸಿಕೊಳ್ಳಬೇಕು. ಪ್ರಾಮಾಣಿಕನಾದ ವ್ಯಾಪಾರಿಯು ಸಂತೋಷದಿಂದ ಬರೆದುಕೊಡುತ್ತಾನೆ. ಬರೆಯಲು ಹಿಂಜರಿಯುವವನ ಅಂಗಡಿಯಿಂದ ಎದ್ದು ಬರುವುದು ಲೇಸು. ಹಾಗೆಯೇ, ಕಲ್ಲು ಆರಿಸಲು ಹೋಗುವ ದಿನ ಒಂದು ಲಿಂಬೆಹಣ್ಣು, ಒಂದು ತುಂಡು ಬಿಳಿಯ ಅರಿವೆ, ಅಸಿಟೋನಿನ ಒಂದು ಸಣ್ಣ ಶೀಶೆ ಇವಿಷ್ಟನ್ನು ಚೀಲದಲ್ಲಿಟ್ಟುಕೊಳ್ಳಿರಿ; ತಕ್ಕಡಿಯಂತೂ ಪ್ರತಿ ಕಿರಾಣಿ ಅಂಗಡಿಯಲ್ಲಿಯೂ ಇದೆ.